ಮೂಳೆಯ ಸ್ಥಾನದಲ್ಲಿ ಲೋಹ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾಳಗದಲ್ಲಿ ಕಾಲು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಕಾಲನ್ನು ಕೊಟ್ಟರೆಂದು ಋಗ್ವೇದದಲ್ಲಿದೆ. ಅದು ದೇವತಾಸ್ತುತಿಯ ಮಾತು. ದೇಹದೊಳಗೆ, ನಾಶವಾದ ಮೂಳೆಯ ಸ್ಥಾನದಲ್ಲಿಯೇ ಲೋಹವನ್ನು ನಿಲ್ಲಿಸುವ ವಿದ್ಯೆ ಮನುಷ್ಯನಿಗೆ ಕೈಗೂಡಿದುದು ಇಪ್ಪತ್ತನೆಯ ಶತಮಾನದಲ್ಲಿ.

ಮುರಿದ ಮೂಳೆ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಆದರೆ ಗಡ್ಡೆಯಿಂದಲೋ ಅಪಘಾತದಿಂದಲೋ ಗೇಣುದ್ದದ ಮೂಳೆಯೇ ಹೋದರೆ ಆ ತೆರಪನ್ನು ಪ್ರಕೃತಿ ತುಂಬಲಾರದು. ಹಿಂದೆ ಇಂಥ ರೋಗಿಯ ಕಾಲನ್ನು ಕತ್ತರಿಸುವುದೇ ಬಹುಮಟ್ಟಿಗೆ ಉಳಿದ ಉಪಾಯವಾಗಿತ್ತು. 1940ರಲ್ಲಿ ಅಮೆರಿಕದ ಶಸ್ತ್ರವೈದ್ಯರಾದ ಆಸ್ಟಿನ್ ಮೂರ್ ಮತ್ತು ಹೆರಾಲ್ಡ್ ಬೋಲ್ಮನ್ ಅವರು ಗಡ್ಡೆಯಿಂದ ಕೆಟ್ಟ ತೊಡೆಮೂಳೆಯ ಮೇಲ್ಭಾಗವನ್ನು ತೆಗೆದು, ಅಲ್ಲಿ ಸುಮಾರು ಒಂದು ಅಡಿ ಉದ್ದದ ಲೋಹದ ಮೂಳೆಯನ್ನು ಜೋಡಿಸಿದರು. ಅದು ಕೋಬಾಲ್ಟ್, ಕ್ರೋಮಿಯಮ್‌ಗಳು ಮುಖ್ಯವಾಗಿರುವ ವೈಟಾಲಿಯಮ್ ಎಂಬ ಮಿಶ್ರಲೋಹ. ರೋಗಿ ಮತ್ತೆ ನಡೆದಾಡಿದನು.

ಎಲ್ಲ ಲೋಹವೂ ಈ ಕೆಲಸಕ್ಕೆ ಸಲ್ಲದು. ರಕ್ತದಲ್ಲಿ ಉಪ್ಪಿದೆ, ಸಾಮಾನ್ಯ ಕಬ್ಬಿಣ ಅದರಲ್ಲಿ ತುಕ್ಕುಹಿಡಿಯುತ್ತದೆ. 1950ರ ದಶಕದಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ಸಂಶೋಧಕರು ಮೊಲದ ಮೂಳೆಯೊಳಗಿನ ರಕ್ತಸಂಚಾರವನ್ನು ನೋಡಲೆಂದು ಟೈಟಾನಿಯಮ್ಮಿನ ಚಿಕ್ಕ ಉಪಕರಣವೊಂದನ್ನು ಅದರಲ್ಲಿ ಕೂಡಿಸಿದ್ದರು. ಕೆಲಸ ಮುಗಿದ ಮೇಲೆ ಕೀಳಹೋದರೆ ಅದು ಬರಲೇ ಇಲ್ಲ! ಮೂಳೆ ಅದನ್ನು ತನ್ನದೆಂದೇ ಬಿಗಿಯಾಗಿ ಹಿಡಿದುಕೊಂಡಿತ್ತು. ಇಂದು ಲೋಹದ ಮೈಯನ್ನು ಒರಟಾಗಿಯೋ ರಂಧ್ರಮಯವಾಗಿಯೋ ಮಾಡಿ, ಮೂಳೆ ಅದರೊಳಕ್ಕೆ ಬೆಳೆಯುವಂತೆ ಮಾಡುವುದೂ ಉಂಟು.

ಆದರೂ ಲೋಹಕ್ಕೆ ಜೀವವಿಲ್ಲ. ಅದು ಸವೆದರೆ ತಾನಾಗಿ ತುಂಬಿಕೊಳ್ಳದು. ಸಡಿಲಗೊಳ್ಳಬಹುದು, ಸೋಂಕು ತಗಲಬಹುದು. ಭಾರವನ್ನೆಲ್ಲ ಲೋಹವೇ ಹೊತ್ತರೆ, ಕೆಲಸವಿಲ್ಲದ ಪಕ್ಕದ ಮೂಳೆ ಸೊರಗುತ್ತದೆ. ಮಕ್ಕಳ ಕಾಲು ಬೆಳೆಯುತ್ತದೆ, ಲೋಹ ಬೆಳೆಯದು; ಅದಕ್ಕಾಗಿ ಹೊರಗಿನಿಂದ ಕಾಂತಶಕ್ತಿಯ ನೆರವಿನಿಂದ ಉದ್ದಗೊಳಿಸಬಹುದಾದ ಲೋಹದ ಮೂಳೆಗಳನ್ನೂ ನಿರ್ಮಿಸಿದ್ದಾರೆ.

ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ಬೆಳೆಯುವ ವಯಸ್ಸಿನಲ್ಲಿ ಬರುವ ಮೂಳೆಯ ಕ್ಯಾನ್ಸರು ವಿರಳವಾದುದು. ಬಂದರೆ ಹೆಚ್ಚಾಗಿ ಮೊಣಕಾಲಿನ ಸಮೀಪದಲ್ಲಿ ತೋರುತ್ತದೆ. ಮಕ್ಕಳ ಕಾಲುನೋವುಗಳಲ್ಲಿ ಬಹುಪಾಲು ನಿರಪಾಯಕರವೇ. ಆದರೆ ವಾರಗಟ್ಟಲೆ ಬಿಡದ, ರಾತ್ರಿ ನಿದ್ದೆಗೆಡಿಸುವ ನೋವನ್ನೂ ಇಳಿಯದ ಬಾವನ್ನೂ ಆಟದಲ್ಲಿ ಬಿದ್ದ ಪೆಟ್ಟೆಂದು ಭಾವಿಸಿ, ಎಣ್ಣೆ ತಿಕ್ಕುತ್ತಾ ತಿಂಗಳುಗಳನ್ನು ಕಳೆಯಬಾರದು. ವೈದ್ಯರಿಗೆ ತೋರಿಸಿ, ಅವರು ಹೇಳಿದರೆ ಕ್ಷಕಿರಣದ ಚಿತ್ರ ತೆಗೆಸಬೇಕು. ಬೇಗ ಗೊತ್ತಾದರೆ ಔಷಧ, ಶಸ್ತ್ರಕ್ರಿಯೆಗಳಿಂದ ಪ್ರಾಣದ ಜೊತೆಗೆ ಕಾಲನ್ನೂ ಉಳಿಸುವುದು ಇಂದು ಅನೇಕರ ಪಾಲಿಗೆ ಸಾಧ್ಯವಾಗಿದೆ.

ಮಕ್ಕಳೇ, ಬೈದಾರೆಂದು ಹೆದರಿ ನೋವನ್ನು ಮುಚ್ಚಿಡಬೇಡಿರಿ. ಲೋಹ ಎಷ್ಟೇ ಉತ್ತಮವಾದರೂ ಹುಟ್ಟಿನಿಂದ ಬಂದ ಮೂಳೆಗೆ ಸಮನಲ್ಲ. ಅದನ್ನು ಕಾಪಾಡಿಕೊಳ್ಳಿರಿ ಎಂದು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.