ತನ್ನ ಬರಹ ತಾನೇ ಓದಿದಾಕೆ



ನಿಮ್ಮಲ್ಲಿ ಟೆಂಟ್ ಸಿನಿಮಾ ನೋಡಿದವರು ಯಾರಿದ್ದೀರಿ? ಆ ಸಿನಿಮಾ ಮೆಷಿನ್ನಿನ ಒಳಗೆ ಎರಡು ಕಾರ್ಬನ್ ಕಡ್ಡಿ ಇರುತ್ತಿದ್ದವು. ಕರೆಂಟು ಹರಿದರೆ ಅವುಗಳ ತುದಿಯ ನಡುವೆ ಕಣ್ಣು ಕುಕ್ಕುವ ಬೆಳಕು ಬರುತ್ತಿತ್ತು. ಇದಕ್ಕೆ ಆರ್ಕ್ ದೀಪ ಅಂತ ಹೆಸರು. ಈ ದೀಪದ ಒಂದು ದೊಡ್ಡ ತೊಂದರೆಗೆ ಕಾರಣ ಕಂಡುಹಿಡಿದವರು ಒಬ್ಬ ಹೆಂಗಸು. ಅವರೇ ಹರ್ಥಾ ಏರ್ಟನ್.

ಹರ್ಥಾ 1854ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದರು. 1861ರಲ್ಲಿ ತಂದೆ ತೀರಿಕೊಂಡರು. ಮನೆ ತುಂಬ ಮಕ್ಕಳು. ತಾಯಿ ಬಟ್ಟೆ ಹೊಲಿಯುತ್ತಿದ್ದರು. ಚಿಕ್ಕ ಮಕ್ಕಳನ್ನು ಎತ್ತಿ ಆಡಿಸಲು ಹರ್ಥಾ ಬೇಕಾಗಿತ್ತು. ಆದರೂ ಆ ತಾಯಿ ಒಂಬತ್ತು ವರ್ಷದ ಮಗಳನ್ನು ಓದಲು ಲಂಡನ್ನಿಗೆ ಕಳಿಸಿದರು. ಅಲ್ಲಿ ಅವರ ಒಡಹುಟ್ಟಿದವರು ಶಾಲೆ ನಡೆಸುತ್ತಿದ್ದರು. ಯೋಚನೆ ಮಾಡಿ, ಎಂಥ ಗಟ್ಟಿ ತಾಯಿ!

ಹದಿನಾರು ವರ್ಷಕ್ಕೇ ಹರ್ಥಾ ಮಕ್ಕಳಿಗೆ ಪಾಠ ಹೇಳಿ ದುಡಿದರು. ಆಮೇಲೆ ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿ ಪಾಸಾದರು. ಆದರೆ ಆಗ ಅಲ್ಲಿ ಹೆಂಗಸರಿಗೆ ಪದವಿ ಕೊಡುತ್ತಿರಲಿಲ್ಲ. ಹರ್ಥಾ ಲಂಡನ್ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂತು 1881ರಲ್ಲಿ ಪದವಿ ಪಡೆದರು.

ಆಗ ಅಲ್ಲಿ ಬೀದಿಯಲ್ಲೂ ಆರ್ಕ್ ದೀಪ ಹಚ್ಚುತ್ತಿದ್ದರು. ಅವು ಹಾವಿನ ಹಾಗೆ ಬುಸ್ ಅನ್ನುತ್ತಿದ್ದವು. ಬೆಳಕು ಅಲುಗಾಡುತ್ತಿತ್ತು. ಯಾಕೆ? ಹರ್ಥಾ ಪ್ರಯೋಗ ಮಾಡಿ ನೋಡಿದರು. ಕಡ್ಡಿಯ ತುದಿ ಉರಿದು ಗುಳಿ ಬೀಳುತ್ತೆ. ಆ ಕಾದ ಗುಳಿಗೆ ಗಾಳಿಯಲ್ಲಿರುವ ಆಮ್ಲಜನಕ ತಗುಲುತ್ತೆ. ಅದಕ್ಕೇ ಆ ಸದ್ದು! ಗಾಳಿ ತಗುಲದಿದ್ದರೆ ಸದ್ದೂ ಇಲ್ಲ.

1899ರಲ್ಲಿ ಲಂಡನ್ನಿನ ವಿದ್ಯುತ್ ಇಂಜಿನಿಯರುಗಳ ಸಭೆಯಲ್ಲಿ ಹರ್ಥಾ ಇದನ್ನು ತಾವೇ ಓದಿದರು. ಆ ಸಂಘದ ಮೊದಲ ಮಹಿಳಾ ಸದಸ್ಯೆಯೂ ಆದರು. ಆದರೆ ರಾಯಲ್ ಸೊಸೈಟಿ ಅಂತ ವಿಜ್ಞಾನಿಗಳ ಇನ್ನೊಂದು ದೊಡ್ಡ ಸಂಘ ಇತ್ತು. 1901ರಲ್ಲಿ ಅಲ್ಲಿ ಹರ್ಥಾ ಬರೆದದ್ದನ್ನು ಓದಿದ್ದು ಒಬ್ಬ ಗಂಡಸು. 1902ರಲ್ಲಿ ಹರ್ಥಾ ಹೆಸರು ಸದಸ್ಯತ್ವಕ್ಕೆ ಬಂತು. ಮದುವೆಯಾದ ಹೆಂಗಸಿಗೆ ಜಾಗ ಇಲ್ಲ ಅಂದುಬಿಟ್ಟರು.

ಹರ್ಥಾ ಅಳುತ್ತಾ ಕೂರಲಿಲ್ಲ. ನೀರಿನ ಅಲೆ ಮರಳಿನ ಮೇಲೆ ಗೆರೆ ಮೂಡಿಸುತ್ತೆ, ನೋಡಿದ್ದೀರಲ್ಲ? ಅದು ಹೇಗೆ ಅಂತ ಪ್ರಯೋಗ ಮಾಡಿದರು. 1904ರಲ್ಲಿ ಅದೇ ರಾಯಲ್ ಸೊಸೈಟಿಯಲ್ಲಿ ಎದ್ದು ನಿಂತು ತಮ್ಮ ಬರಹ ತಾವೇ ಓದಿದರು. ಅಲ್ಲಿ ಹಾಗೆ ಓದಿದ ಮೊದಲ ಹೆಂಗಸು ಇವರೇ. 1906ರಲ್ಲಿ ಅದೇ ಸಂಘ ಇವರಿಗೆ ಪದಕ ಕೊಟ್ಟಿತು. ಸದಸ್ಯತ್ವ ಮಾತ್ರ ಕೊಡಲಿಲ್ಲ. 1923ರಲ್ಲಿ ಹರ್ಥಾ ತೀರಿಕೊಂಡರು. ಆ ಸಂಘ ಹೆಂಗಸರನ್ನು ಸೇರಿಸಿಕೊಂಡದ್ದು 1945ರಲ್ಲಿ!

ಅಕ್ಕಂದಿರೇ, ನಮಗೆ ಬಂದ ಕಾಗದವನ್ನು ಇಷ್ಟು ದಿನ ಬೇರೆಯವರು ಓದಿ ಹೇಳುತ್ತಿದ್ದರು. ಅವರು ಹೇಳಿದಷ್ಟೇ ನಮಗೆ ಗೊತ್ತಾಗುತ್ತಿತ್ತು. ಈಗ ನಿಮಗೆ ಅಕ್ಷರ ಬಂದಿದೆ. ನಾಳೆ ತರಗತಿಗೆ ಬರುವಾಗ ಮನೆಯಲ್ಲಿರುವ ಒಂದು ಕಾಗದ ತನ್ನಿ. ರೇಷನ್ ಕಾರ್ಡ್ ಆದರೂ ಸರಿ. ತಡವರಿಸಿದರೂ ಪರವಾಗಿಲ್ಲ. ಎದ್ದು ನಿಂತು, ನೀವೇ ಓದಿ.