ಬಿಡುವಿನ ವೇಳೆಯ ಕವಿಗಳು
(ಒಂದು ವಾಚನಾಲಯದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹೊಟ್ಟೆಯ ಪಾಡಿಗೆ ಬೇರೊಂದು ಉದ್ಯೋಗವನ್ನಿಟ್ಟುಕೊಂಡು, ಬಿಡುವು ದೊರೆತಾಗಲೆಲ್ಲ ಕವಿತೆಗೆ ಕೈಹಾಕುವ ಜನರು ನಮ್ಮ ನಾಡಿನಲ್ಲಿ ಊರೂರಿಗೂ ಇರುವರು. ಶಾಲೆಯ ಮಾಸ್ತರರು, ಗುಮಾಸ್ತರು, ವೈದ್ಯರು, ವ್ಯಾಪಾರಿಗಳು, ನಮ್ಮಂಥ ವಕೀಲರು, ಎಲ್ಲ ವೃತ್ತಿಗಳಲ್ಲಿಯೂ ಈ ಗೀಳು ಹತ್ತಿದವರುಂಟು. ಇವರನ್ನು ಕಂಡು ಲೋಕವು ನಗುವದು. ಆ ನಗೆಗೆ ಉತ್ತರ ಹೇಳುವದೂ, ಅದರಲ್ಲಿ ನಿಜವೆಷ್ಟಿದೆಯೋ ಅಷ್ಟನ್ನು ಒಪ್ಪಿಕೊಳ್ಳುವದೂ ಇಂದಿನ ನಮ್ಮ ಉದ್ದೇಶವು.

ಈ ಗೀಳಿನ ಲಕ್ಷಣಗಳು ನಿಮಗೆ ತಿಳಿದವೇ. ಇದು ಹತ್ತಿದವನು ಕಚೇರಿಗೆ ನಡೆಯುವಾಗ ಹೆಜ್ಜೆಗಳು ಮೂರು ನಾಲ್ಕರ ಗಣಗಳಾಗಿ ಬೀಳುವವು. ರಾತ್ರಿಯೆಲ್ಲ ಹುಡುಕಿದರೂ ಸಿಕ್ಕದ ಶಬ್ದವು ಸಾಕ್ಷಿದಾರನ ಹೇಳಿಕೆಯ ನಡುವೆ ತಾನಾಗಿಯೇ ಬಂದು ನಿಲ್ಲುವದು. ಮದುವೆಯ ಕರೆಯೋಲೆಯ ಬೆನ್ನೂ ಔಷಧದ ಚೀಟಿಯೂ ಕವಿತೆಗೆ ಕಾಗದವಾಗುವವು. ಭಾಮಿನೀ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆಗಳು ಬೇಕು. ಅವುಗಳಲ್ಲಿ 101 ಸಿದ್ಧವಾಗಿ ಒಂದು ಸಾಲದೆ ಹೋದರೆ ಆ ರಾತ್ರಿ ಮನೆಯವರಿಗೂ ನಿದ್ರೆಯಿಲ್ಲ!

ಇಂಥವರ ಮೇಲೆ ಲೋಕವು ಹೊರಿಸುವ ಆಪಾದನೆಗಳು ಮೂರು. ಮನೆಗೆ ಸಲ್ಲಬೇಕಾದ ಹೊತ್ತನ್ನು ಇವರು ಕದಿಯುವರು ಎಂಬದು ಮೊದಲನೆಯದು. ಕೀರ್ತಿಗಾಗಿ ಹಸಿದಿರುವರು ಎಂಬದು ಎರಡನೆಯದು. ಬರೆದದ್ದರಲ್ಲಿ ಬಹುಪಾಲು ಕವಿತೆಯೇ ಅಲ್ಲ ಎಂಬದು ಮೂರನೆಯದು.

ಮೊದಲನೆಯ ಆಪಾದನೆಯಲ್ಲಿ ತಥ್ಯವುಂಟು. ತಾಯಿಯನ್ನು ಕುರಿತು ಪದ್ಯ ಕಟ್ಟುವವನು ಜ್ವರದಿಂದ ಮಲಗಿದ ತಾಯಿಯ ಬಳಿ ಕುಳ್ಳಿರದೆ ಹೋದರೆ ಆ ಪದ್ಯವು ಸುಳ್ಳು ಸಾಕ್ಷಿಯು. ನಾಡನ್ನು ಹಾಡುವವನು ನಾಡಿನ ಕೆಲಸ ಬಂದಾಗ ಹೆಗಲು ಕೊಡದಿದ್ದರೆ ಆ ಹಾಡೂ ಅಂಥದೇ. ಋಣವನ್ನು ತೀರಿಸಿ ಉಳಿದ ಹೊತ್ತು ಮಾತ್ರ ಕವಿತೆಯ ಪಾಲು. ಆ ಉಳಿದ ಹೊತ್ತನ್ನು ಇಸ್ಪೀಟಿಗೂ ಕಾಡುಹರಟೆಗೂ ಕೊಡುವವರನ್ನು ಕಂಡು ನಗದ ಲೋಕವು ಇವನನ್ನು ಮಾತ್ರ ನಗುವದೇಕೆ?

ಎರಡನೆಯದಕ್ಕೆ ಉತ್ತರವು ಮುದ್ದಣನು. ನಂದಳಿಕೆಯ ಲಕ್ಷ್ಮೀನಾರಣಪ್ಪನು ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುವ ಮಾಸ್ತರನು. 1901ರಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ, ಕ್ಷಯರೋಗಕ್ಕೆ ತುತ್ತಾದನು. ತಾನೇ ರಚಿಸಿದ ಗ್ರಂಥಗಳನ್ನು ಹಳೆಯ ಕವಿಯ ಕೃತಿಗಳೆಂಬಂತೆ ತೋರಿಸಿ ಮೈಸೂರಿಗೆ ಕಳುಹಿಸಿದವನಿವನು. ತನ್ನ ಹೆಸರನ್ನೇ ಮರೆಮಾಡಿದವನಿಗೆ ಕೀರ್ತಿಯ ಹಸಿವೆಂದು ಹೇಗೆ ಹೇಳೋಣ? ಇಂದು ಹೊಸಗನ್ನಡದ ಚರಿತ್ರೆಯನ್ನು ಬರೆಯುವವರು ಅವನನ್ನು ಬಿಟ್ಟು ಬರೆಯಲಾರರು.

ಇನ್ನು ಮೂರನೆಯದು. ಬಹುಪಾಲು ಪದ್ಯಗಳು ಜೊಳ್ಳೆಂಬದನ್ನು ನಾವೂ ಒಪ್ಪುವೆವು. ಆದರೆ ಜೊಳ್ಳಿಲ್ಲದ ಕಣವನ್ನು ಯಾವ ಒಕ್ಕಲಿಗನು ಕಂಡಿರುವನು? ಗದಗಿನಲ್ಲಿ ವಕೀಲಿ ಮಾಡುತ್ತಿದ್ದ ಹುಯಿಲಗೋಳ ನಾರಾಯಣರಾಯರು ಬರೆದ ಹಾಡನ್ನು 1924ರಲ್ಲಿ, ಮಹಾತ್ಮಾ ಗಾಂಧಿಯವರು ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದರು. ಆಗ ಕನ್ನಡಿಗರು ಮುಂಬಯಿ, ಮದ್ರಾಸು ಪ್ರಾಂತಗಳಲ್ಲಿಯೂ, ಮೈಸೂರು, ಹೈದರಾಬಾದು ಮೊದಲಾದ ಸಂಸ್ಥಾನಗಳಲ್ಲಿಯೂ, ಕೊಡಗಿನಲ್ಲಿಯೂ ಹಂಚಿಹೋಗಿದ್ದರು. 1956ನೆಯ ನವೆಂಬರ 1ರಂದು ನಾಡು ಒಂದಾಯಿತು. ಹಾಡೊಂದರಿಂದಲೇ ಒಂದಾಯಿತೆಂದು ನಾವು ಹೇಳುವದಿಲ್ಲ. ಸಭೆ, ಸತ್ಯಾಗ್ರಹ, ಸೆರೆಮನೆ ಎಲ್ಲವೂ ಬೇಕಾದವು. ಆದರೆ ಹಂಚಿಹೋದ ಜನರಿಗೆ ಒಂದೇ ಬಾಯಿಂದ ಹೇಳುವ ಮಾತು ಮೊದಲು ಬೇಕಾಗಿತ್ತು. ಅದನ್ನು ಕೊಟ್ಟವರೊಬ್ಬರು ಕಚೇರಿಯ ಕಾಗದಗಳ ನಡುವೆ ಬಾಳಿದವರು. ಆ ವಕೀಲರು ಗೆದ್ದ ದಾವೆಗಳನ್ನು ಇಂದು ಯಾರು ನೆನೆಯುವರು? ಹಾಡನ್ನು ನೆನೆಯುವರು. ಸಾವಿರ ಪದ್ಯಗಳಲ್ಲಿ ಯಾವದು ಜನರ ನಾಲಗೆಗೆ ಏರುವದೆಂದು ಮೊದಲೇ ಹೇಳಬಲ್ಲವರಿಲ್ಲ. ಆದುದರಿಂದ ಬಿತ್ತುವ ಕೈಯನ್ನು ಹಿಡಿಯಬಾರದು.

ಆದರೆ ಬಿತ್ತುವವನಿಗೂ ಕಟ್ಟಳೆಗಳುಂಟು. ಬರೆದೊಡನೆ ಅಚ್ಚಿಗೆ ಕಳುಹಿಸಬಾರದು. ತಿಂಗಳು ಕಾಲ ಪೆಟ್ಟಿಗೆಯಲ್ಲಿಟ್ಟು, ಆ ಮೇಲೆ ಗಟ್ಟಿಯಾಗಿ ಓದಿ ನೋಡಬೇಕು. ಕಿವಿಯು ಎಡವಿದಲ್ಲಿ ಲೇಖನಿಯು ತಿದ್ದಬೇಕು. ಛಂದಸ್ಸನ್ನು ಮುರಿಯುವ ಮೊದಲು ಕಲಿಯಬೇಕು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ತ್ಯಜಿಸಿದರು. ಪ್ರಾಸ ಬಾರದೆ ತ್ಯಜಿಸಿದವರಲ್ಲ. ಬರೆಯುವದಕ್ಕಿಂತ ಹತ್ತು ಪಟ್ಟು ಓದಬೇಕು. ಬೀಸುವ ಕಲ್ಲಿನ ಪದಗಳನ್ನು ಬಲ್ಲ ಅಜ್ಜಿಯರು ಇನ್ನೂ ಇರುವಲ್ಲಿ, ಅವರ ಬಳಿ ಕುಳಿತು ಕೇಳಬೇಕು.

ಬಾಂಧವರೇ, ನಾಡಿನ ಗಡಿಗಳನ್ನು ಕಾಯಿದೆಯಿಂದ ಕೂಡಿಸಬಹುದು. ನುಡಿಯು ಮನೆಯೊಳಗೇ ಉಳಿಯಬೇಕು. ತನ್ನ ಮಾತಿನಲ್ಲಿ ಬರೆದ ನಾಲ್ಕು ಸಾಲುಗಳನ್ನು ಓದಲಾರದ ಮಗು ಇಂದು ಎಷ್ಟೋ ಕನ್ನಡಿಗರ ಮನೆಗಳಲ್ಲಿ ಬೆಳೆಯುತ್ತಿದೆ. ಒಂದು ಮಾತ್ರೆಗಾಗಿ ತಡಕಾಡುವವನು ಆ ಹುಡುಕಾಟದಲ್ಲಿ ಹತ್ತು ಹಳೆಯ ಶಬ್ದಗಳ ಧೂಳು ಕೊಡಹುವನು. ಅವುಗಳಲ್ಲಿ ಒಂದಾದರೂ ಊಟದ ಹೊತ್ತಿಗೆ ಅವನ ಮಗುವಿನ ಕಿವಿಗೆ ಬೀಳುವದು. ಅವನು ಮಹಾಕವಿಯಾಗದಿದ್ದರೆ ನಷ್ಟವಿಲ್ಲ. ಅವನ ಮನೆಯಲ್ಲಿ ಕನ್ನಡವು ಕೆಲಸವಿಲ್ಲದೆ ಕುಳಿತಿಲ್ಲ. ಇಂಥ ಗೀಳು ಮನೆಮನೆಗೂ ಹಬ್ಬಲೆಂದು ಹಾರೈಸಿ, ನಮ್ಮ ಮಾತನ್ನು ಮುಗಿಸುವೆವು.