ಯಂತ್ರಾನುವಾದದ ಕಾಲದಲ್ಲಿ ಎರಡು ಭಾಷೆ ಬಲ್ಲವರ ದುಡಿಮೆ
(ಕನ್ನಡ ಮಾಧ್ಯಮ ಅಧ್ಯಾಪಕರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೃತಕ ಬುದ್ಧಿಮತ್ತೆಯಿಂದ ಯಾರ ಉದ್ಯೋಗ ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬ ಪ್ರಶ್ನೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಎಲ್ಲ ಉದ್ಯೋಗಗಳ ವಿಚಾರವನ್ನೂ ಒಂದೇ ಉಪನ್ಯಾಸದಲ್ಲಿ ಹೇಳಹೊರಟರೆ ಯಾವುದನ್ನೂ ಹೇಳಿದಂತಾಗದು. ಆದ್ದರಿಂದ ಗಡಿನಾಡಿನವರಾದ ನಮಗೆ ಅತ್ಯಂತ ನಿಕಟವಾದ ಒಂದು ಕೆಲಸವನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಅದು ಅನುವಾದ.

ನಮ್ಮಲ್ಲಿ ಅನುವಾದವೆಂಬುದು ಸಾಹಿತಿಗಳ ಹವ್ಯಾಸ ಮಾತ್ರವಲ್ಲ, ದಿನನಿತ್ಯದ ದುಡಿಮೆ. 1969ರ ಕೇರಳ ರಾಜಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸುವ, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯುವ ಅವಕಾಶವನ್ನು ಕೊಟ್ಟಿತು. ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ, ಸುತ್ತೋಲೆ, ಅರ್ಜಿ ನಮೂನೆ ಇವೆಲ್ಲ ಕನ್ನಡಕ್ಕೆ ಬರಬೇಕಾದರೆ ಎರಡೂ ಭಾಷೆ ಬಲ್ಲವರೊಬ್ಬರು ಕುಳಿತು ಬರೆಯಲೇಬೇಕಿತ್ತು. ಅನೇಕ ವೇಳೆ ಆ ಒಬ್ಬರು ಅಧ್ಯಾಪಕರೇ ಆಗಿರುತ್ತಿದ್ದರು.

ಈ ಕೆಲಸಕ್ಕೆ ಯಂತ್ರವು ಕೈಹಾಕಿ ಬಹಳ ಕಾಲವಾಗಿಲ್ಲ. ಗೂಗಲ್ ಸಂಸ್ಥೆಯ ಅನುವಾದ ಸೇವೆಗೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಅದರ ವಾಕ್ಯಗಳು ನಗೆಪಾಟಲಿಗೆ ಈಡಾಗುತ್ತಿದ್ದವು. 2017ರಲ್ಲಿ ಕನ್ನಡಕ್ಕೂ ನರಜಾಲ ಪದ್ಧತಿ ಬಂದಮೇಲೆ ವಾಕ್ಯಗಳು ನೇರ್ಪಟ್ಟವು. 2022ರಲ್ಲಿ ಕೇಂದ್ರ ಸರಕಾರವು ಭಾರತೀಯ ಭಾಷೆಗಳಿಗಾಗಿ ‘ಭಾಷಿಣಿ’ಯನ್ನು ಆರಂಭಿಸಿತು. ಇಂದು ಒಂದು ಸುತ್ತೋಲೆಯ ಕರಡು ಕನ್ನಡಾನುವಾದ ಕ್ಷಣಮಾತ್ರದಲ್ಲಿ ಸಿದ್ಧವಾಗುತ್ತದೆ. ಇದನ್ನು ಅಲ್ಲಗಳೆಯುವುದು ವ್ಯರ್ಥ.

ಹಾಗಾದರೆ ಅನುವಾದಕನ ಉದ್ಯೋಗ ಮುಗಿಯಿತೇ? ಹಿಂದೆ ಅಚ್ಚುಕೂಟದಲ್ಲಿ ಆದುದನ್ನು ನೆನೆಯೋಣ. ಗಣಕಯಂತ್ರ ಬಂದಾಗ ಮೊಳೆ ಜೋಡಿಸುವವರ ಕೆಲಸ ಹೋಯಿತು. ಕರಡು ತಿದ್ದುವವರ ಕೆಲಸ ಉಳಿಯಿತು. ಯಾವುದೇ ಉದ್ಯೋಗ ಹಲವು ಕೆಲಸಗಳ ಒಂದು ಕಟ್ಟು. ಯಂತ್ರವು ಆ ಕಟ್ಟಿನಿಂದ ಕೆಲವನ್ನು ಎಳೆದುಕೊಳ್ಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಬಹುತೇಕ ಉದ್ಯೋಗಗಳು ಅಳಿಯುವುದಕ್ಕಿಂತ ಮಾರ್ಪಡುವ ಸಂಭವವೇ ಹೆಚ್ಚೆಂದೂ, ಗುಮಾಸ್ತಿಕೆಯ ಕೆಲಸಗಳಿಗೆ ಪೆಟ್ಟು ಅಧಿಕವೆಂದೂ ಹೇಳಿದೆ.

ಆದರೆ ‘ಮಾರ್ಪಾಡು’ ಎಂಬ ಸೌಮ್ಯವಾದ ಮಾತಿನ ಹಿಂದೆ ಕೂಲಿಯ ಪ್ರಶ್ನೆ ಅಡಗಿದೆ. ಅನುವಾದ ವೃತ್ತಿಯಲ್ಲಿ ಈಗ ಮೊದಲಿನಿಂದ ಬರೆಯುವ ಕೆಲಸದ ಬದಲಿಗೆ ಯಂತ್ರದ ಕರಡನ್ನು ತಿದ್ದುವ ಕೆಲಸವೇ ಹೆಚ್ಚುತ್ತಿದೆ. ಅದಕ್ಕೆ ಕೊಡುವ ದರವೂ ಸಾಮಾನ್ಯವಾಗಿ ಕಡಿಮೆ. ತಿದ್ದುವುದು ಸುಲಭವೆಂಬ ಊಹೆಯೇ ಇದಕ್ಕೆ ಕಾರಣ. ಈ ಊಹೆ ತಪ್ಪೆಂಬುದಕ್ಕೆ ನಿದರ್ಶನವನ್ನು ನೋಡಿ.

ಎಷ್ಟೋ ಅನುವಾದ ವ್ಯವಸ್ಥೆಗಳು ಒಂದು ಭಾರತೀಯ ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಇಂಗ್ಲಿಷನ್ನು ನಡುಸೇತುವೆಯಾಗಿ ಬಳಸಿವೆ. ಮಲಯಾಳದ ‘ಅಮ್ಮಾವನ್’ ನಮ್ಮ ಸೋದರಮಾವ. ಮರಾಠಿಯ ‘ಮಾಮಾ’ನೂ ಅವನೇ. ಇಂಗ್ಲಿಷಿಗೆ ಹೋದೊಡನೆ ಆತ ಬರಿಯ ‘ಅಂಕಲ್’ ಆಗುತ್ತಾನೆ. ಅಲ್ಲಿಂದ ಕನ್ನಡಕ್ಕೆ ಮರಳುವಾಗ ಚಿಕ್ಕಪ್ಪನಾಗಿಬಿಡಬಹುದು. ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ, ಕಾಗುಣಿತ ತಪ್ಪಿಲ್ಲ. ನಂಟು ಮಾತ್ರ ತಪ್ಪಿದೆ. ಕನ್ನಡ ಮಾತ್ರ ಬಲ್ಲವರಿಗೆ ಈ ತಪ್ಪು ಕಾಣದು. ಮೂಲವನ್ನೂ ಓದಬಲ್ಲವರಿಗಷ್ಟೇ ಕಾಣುತ್ತದೆ.

ಇನ್ನೊಂದು ಪದ ‘ಅವಸರ’. ನಮಗೂ ತಮಿಳರಿಗೂ ಅದು ತ್ವರೆ, ಮಲಯಾಳದಲ್ಲಿಯೂ ಮರಾಠಿಯಲ್ಲಿಯೂ ಅವಕಾಶ, ತೆಲುಗಿನಲ್ಲಿ ಅಗತ್ಯ. ಇಂಥ ಪದವನ್ನು ಇಂದಿನ ಯಂತ್ರ ಬಹುಮಟ್ಟಿಗೆ ಸರಿಯಾಗಿಯೇ ದಾಟಿಸುತ್ತದೆ. ನೆರೆಭಾಷೆಯನ್ನು ಅರೆಬರೆ ಬಲ್ಲ ಮನುಷ್ಯನೇ ಎಡವಿ ‘ಉದ್ಯೋಗಾವಸರ’ ಎಂದು ಬರೆಯುತ್ತಾನೆ. ಯಂತ್ರವನ್ನು ತಿದ್ದಬೇಕಾದವನು ಯಂತ್ರಕ್ಕಿಂತ ಚೆನ್ನಾಗಿ ಎರಡೂ ಭಾಷೆಗಳನ್ನು ಬಲ್ಲವನಾಗಿರಬೇಕೆಂಬುದು ಇದರ ಸಾರ. ಅಂಥವರನ್ನು ರೂಪಿಸುವ ಸ್ಥಳ ಯಾವುದು? ಮನೆಯ ಕನ್ನಡವನ್ನೂ ರಾಜ್ಯದ ಭಾಷೆಯನ್ನೂ ಗಟ್ಟಿಯಾಗಿ ಕಲಿಸುವ ನಮ್ಮ ಶಾಲೆಗಳೇ.

ಆದುದರಿಂದ ‘ಯಂತ್ರವೇ ಕನ್ನಡಕ್ಕೆ ತಿರುಗಿಸುತ್ತದೆ, ಕನ್ನಡ ಬಲ್ಲ ಸಿಬ್ಬಂದಿ ಏಕೆ, ಕನ್ನಡ ಅಧ್ಯಾಪಕರೇಕೆ?’ ಎಂಬ ವಾದ ಮುಂದೆ ಬಂದರೆ ನಾವು ಸಿದ್ಧರಿರಬೇಕು. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ನೀಡುವ ಸೌಲಭ್ಯವನ್ನು ಹೇಳುತ್ತದೆ. ಮಗುವಿನ ಮುಂದೆ ಕನ್ನಡ ಅಕ್ಷರಗಳನ್ನು ಮೂಡಿಸಿದ ಮಾತ್ರಕ್ಕೆ ಅದು ಶಿಕ್ಷಣವಾಗದು.

ತರಗತಿಯಲ್ಲಿ ಮಾಡಬಹುದಾದ ಮೂರು ಕಾರ್ಯಗಳನ್ನು ಸೂಚಿಸುತ್ತೇನೆ. ಒಂದು, ಹಿರಿಯ ಪ್ರಾಥಮಿಕದ ಮಕ್ಕಳಿಗೆ ರಾಜ್ಯಭಾಷೆಯ ಒಂದು ಪ್ರಕಟಣೆಯನ್ನೂ ಅದರ ಯಂತ್ರಾನುವಾದವನ್ನೂ ಜೊತೆಯಾಗಿ ಕೊಡಿ. ಮೊದಲು ದಿನಾಂಕ, ಅಂಕಿ, ಹೆಸರು ಮತ್ತು ‘ಇಲ್ಲ’, ‘ಕೂಡದು’ ಎಂಬ ನಿಷೇಧಗಳನ್ನು ತಾಳೆ ನೋಡಲಿ. ಅನಂತರ ಪದಗಳ ಔಚಿತ್ಯವನ್ನು ಚರ್ಚಿಸಲಿ. ಎರಡು, ತಿದ್ದಿದ ಪದಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ವರ್ಷ ಕಳೆಯುವಷ್ಟರಲ್ಲಿ ಅದು ಶಾಲೆಯದೇ ಪದಕೋಶವಾಗುತ್ತದೆ. ಮೂರು, ಮಕ್ಕಳ ಹೆಸರು, ವಿಳಾಸ, ಅಂಕಪಟ್ಟಿಗಳಿರುವ ಕಾಗದವನ್ನು ಇಂಥ ಸೇವೆಗಳಿಗೆ ಎಂದಿಗೂ ಕೊಡಬೇಡಿ.

ನಮ್ಮ ಪಾಲಿಗೂ ಒಂದು ಮಾತು. ಯಂತ್ರದ ಕರಡನ್ನು ತಿದ್ದಿಕೊಡಲು ಕೇಳಿದಾಗ ಅದಕ್ಕೆ ತಗಲುವ ವೇಳೆಯನ್ನು ಲೆಕ್ಕವಿಟ್ಟು ಇಲಾಖೆಗೆ ತಿಳಿಸಿರಿ; ತಿದ್ದಿದವರ ಹೆಸರು ಪ್ರತಿಯ ಮೇಲೆ ಇರಲೆಂದು ಕೇಳಿರಿ. ಹೆಸರಿದ್ದಲ್ಲಿ ಹೊಣೆಯಿರುತ್ತದೆ, ಹೊಣೆ ಹೊತ್ತವರು ನ್ಯಾಯವಾದ ಸಂಭಾವನೆಯನ್ನೂ ಕೇಳಬಹುದು.